ಹೊಲಿಗೆ ಯಂತ್ರದಲ್ಲಿ ರಕ್ತನಾಳ ಹೊಲಿದ ವೈದ್ಯ

"ಹಕೀಮರೇ, ಏರು ಹತ್ತುವಾಗ ಮೀನಖಂಡ ಹಿಡಿದುಕೊಳ್ಳುತ್ತದೆ. ಸ್ವಲ್ಪ ನಿಂತರೆ ಬಿಡುತ್ತದೆ." ಹೆಗ್ಗದ್ದೆ ಕಡೆಯ ತೋಟಗಳಲ್ಲಿ ದುಡಿಯುವವರು ನನ್ನಲ್ಲಿ ಆಗಾಗ ಹೇಳುವ ಮಾತಿದು. ಮನೆಯವರು ವಾಯು ಎಂದುಕೊಂಡು ಎಣ್ಣೆ ತಿಕ್ಕುತ್ತಾರೆ. ಬೀಡಿ ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಕಾಲಿಗೆ ರಕ್ತ ಒಯ್ಯುವ ನಾಳ ಕಿರಿದಾದ ಲಕ್ಷಣವಾಗಿರಬಹುದು.

ಇಂತಹ ನಾಳಗಳ ಶಸ್ತ್ರಚಿಕಿತ್ಸೆಗೆ ದಾರಿ ತೆರೆದವರಲ್ಲಿ ಡಾ. ಮೈಕಲ್ ಡಿಬೇಕಿ ಪ್ರಮುಖರು. ಲೆಬನಾನ್‌ನಿಂದ ಅಮೆರಿಕಕ್ಕೆ ವಲಸೆ ಹೋದ ಕ್ರೈಸ್ತ ದಂಪತಿಗೆ 1908ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ತಾಯಿಯಿಂದ ಹೊಲಿಗೆ ಕಲಿತರು. ಆ ವಿದ್ಯೆ 1950ರ ದಶಕದಲ್ಲಿ ಕೈಹಿಡಿಯಿತು. ಕೆಟ್ಟುಹೋದ ನಾಳದ ಜಾಗಕ್ಕೆ ಏನು ಜೋಡಿಸುವುದೆಂದು ಹುಡುಕುತ್ತ ಹ್ಯೂಸ್ಟನ್ ನಗರದ ಅಂಗಡಿಗೆ ನೈಲಾನ್ ಬಟ್ಟೆ ತರಲು ಹೋದರು. ನೈಲಾನ್ ಮುಗಿದಿತ್ತು. ಡೆಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆ ತಂದು, ಮನೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರದಲ್ಲೇ ಕೊಳವೆಯಾಗಿ ಹೊಲಿದರು. ಅದೇ ಬಟ್ಟೆಯ ಕೊಳವೆಗಳನ್ನು ವೈದ್ಯರು ಇಂದಿಗೂ ಬಳಸುತ್ತಾರೆ.

ಅದಕ್ಕೂ ಮೊದಲು, 1939ರಲ್ಲಿ, ಗುರು ಆಲ್ಟನ್ ಆಕ್ಸ್ನರ್ ಜೊತೆ ಸೇರಿ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧವಿದೆ ಎಂದು ಬರೆದರು. ಆಗ ಹಲವು ವೈದ್ಯರೇ ಅದನ್ನು ನಂಬಲಿಲ್ಲ. ತಂಬಾಕು ರಕ್ತನಾಳಗಳನ್ನೂ ಕೆಡಿಸುತ್ತದೆ ಎಂಬುದು ಇಂದು ಎಲ್ಲ ವೈದ್ಯರಿಗೂ ಗೊತ್ತು.

97ನೇ ವಯಸ್ಸಿನಲ್ಲಿ ಡಿಬೇಕಿಯವರ ಎದೆಯ ಮಹಾನಾಳದ ಒಳಪದರವೇ ಸೀಳಿತು. ಆ ರೋಗಕ್ಕೆ ಶಸ್ತ್ರಚಿಕಿತ್ಸೆ ರೂಪಿಸಿದವರೇ ಅವರು! ಆದರೂ ಆಸ್ಪತ್ರೆಗೆ ಹೋಗಲೊಪ್ಪದೆ ವಾರಗಟ್ಟಲೆ ಮನೆಯಲ್ಲೇ ಉಳಿದರು. ಕೊನೆಗೆ 2006ರ ಫೆಬ್ರವರಿಯಲ್ಲಿ ಶಿಷ್ಯರು ಶಸ್ತ್ರಚಿಕಿತ್ಸೆ ಮಾಡಿ ಅದೇ ಡೆಕ್ರಾನ್ ನಾಳ ಜೋಡಿಸಿದರು. 2008ರವರೆಗೆ ಬದುಕಿದರು.

ತಿಳಿದವರೇ ತಡಮಾಡಿದರು, ನಾವು ತಡಮಾಡದಿರೋಣ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಮುಚ್ಚಿದ ನಾಳವನ್ನು ಹಿಜಾಮವಾಗಲಿ ಎಣ್ಣೆಯಾಗಲಿ ತೆರೆಯದು. ಈ ಮಾತುಗಳನ್ನು ನೆನಪಿಡಿ:

• ನಡೆದಾಗ ಬಂದು, ನಿಂತರೆ ಹೋಗುವ ಕಾಲುನೋವಿದ್ದರೆ ವೈದ್ಯರಿಗೆ ತೋರಿಸಿ. ತೋಳು ಮತ್ತು ಪಾದದ ಗಂಟಿನ ರಕ್ತದೊತ್ತಡ ಹೋಲಿಸಿ ನೋಡುವ ಸುಲಭ ಪರೀಕ್ಷೆಯಿದೆ.

• ಬೀಡಿ, ಸಿಗರೇಟು ಪೂರ್ತಿ ಬಿಡಿ. ಕಡಿಮೆ ಮಾಡಿದರೆ ಸಾಲದು.

• ಸಕ್ಕರೆ ಕಾಯಿಲೆಯವರು ವುಝೂವಿನಲ್ಲಿ ಕಾಲು ತೊಳೆಯುವಾಗ ಬೆರಳುಗಳ ಸಂದು, ಅಂಗಾಲು ನೋಡಿಕೊಳ್ಳಿ. ತೊಳೆದ ಮೇಲೆ ಒರೆಸಿ. ಇಂಬಳ ಕಚ್ಚಿದ ಸಣ್ಣ ಗಾಯವೂ ಮಾಯದಿದ್ದರೆ ಕಾಯಬೇಡಿ.

• ಕಾಲು ಒಮ್ಮೆಲೇ ತಣ್ಣಗಾಗಿ, ಬಿಳಿಚಿಕೊಂಡು ವಿಪರೀತ ನೋಯತೊಡಗಿದರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೊರಡಿ. ಕೆಲವೇ ಗಂಟೆಗಳಲ್ಲಿ ಕಾಲು ಕಳೆದುಕೊಳ್ಳಬೇಕಾದೀತು.

ದೇಹ ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್ತು. ಕಾಲೂ ಅದರಲ್ಲಿ ಸೇರಿದೆ.