ಗಡಿ ಹೊಳೆಯ ಹರಿಗೋಲು
ಕೃಷ್ಣಗಿರಿ ಜಿಲ್ಲೆಯ ಬಿಳಿಗುಂಡ್ಲುವಿನಿಂದ ಹೊಗೇನಕಲ್‌ನತ್ತ ಕರ್ನಾಟಕ, ತಮಿಳುನಾಡುಗಳ ಗಡಿಯಾಗಿ ಹರಿಯುವ ಕಾವೇರಿಯ ಬಂಡೆಗಲ್ಲಿನ ಪಾತ್ರಕ್ಕೆ ಹೊಂದುವ ದೋಣಿಯೆಂದರೆ ಮನೆಯಂಗಳದಲ್ಲೇ ಹೆಣೆಯಬಹುದಾದ ಹರಿಗೋಲು. ಸೀಳಿದ ಬಿದಿರಿನ ದಬ್ಬೆಗಳನ್ನು ಅಡ್ಡಡ್ಡ, ಉದ್ದುದ್ದ ಹೆಣೆದು ತಳವಾಗಿಸಿ, ತುದಿಗಳನ್ನು ಮೇಲಕ್ಕೆ ಬಾಗಿಸಿ ಅಂಚು ಕಟ್ಟಿದ ಬಳಿಕ, ಹಿಂದೆ ತೊಗಲನ್ನು ಹೊದಿಸುತ್ತಿದ್ದ ಜಾಗದಲ್ಲಿ ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ನೀರು ಜಿನುಗದಂತೆ ಡಾಂಬರು ಬಳಿಯುತ್ತಾರೆ. ದೋಣಿಯನ್ನು ನೇರ ದಾರಿಯಲ್ಲಿ ಹಿಡಿದಿಡುವ ತಳದ ಏಣು, ಅಂದರೆ ಕೀಲ್, ಇದಕ್ಕಿಲ್ಲ. ಆದರೆ ಹರಿಗೋಲಿಗೆ ಈ ಕೊರತೆಯೇ ಅನುಕೂಲ, ಏಕೆಂದರೆ ತೆಳುನೀರಿನಲ್ಲೂ ಅದು ತೇಲುತ್ತದೆ; ಗಿರಗಿರನೆ ತಿರುಗುವ ಅದರ ಚಪಲವನ್ನು ಅಂಬಿಗನು ಒಂದೇ ಹುಟ್ಟಿನಿಂದ, ಮುಂದಿನ ನೀರನ್ನು ತನ್ನತ್ತ ಸೆಳೆಯುತ್ತಾ, ಹದ್ದುಬಸ್ತಿನಲ್ಲಿಡುತ್ತಾನೆ.