ಬರೀ ಒಂದು ಹಸಿರು ತ್ರಿಕೋನವೇ?

ಪ್ರಶ್ನೆ: ಬಿಳಿ ಕ್ಯಾನ್ವಾಸಿನ ಮೇಲೆ ಚೂಪಾದ ಹಸಿರು ತ್ರಿಕೋನ, ಅಷ್ಟೇ ಇರುವ ಚಿತ್ರವೊಂದನ್ನು ನೋಡಿದೆ. ಹೆಸರು ‘ಬ್ಲಾಂಕೊ ಇ ವೆರ್ದೆ’. ಸ್ಕೇಲು, ಬಣ್ಣ ಇದ್ದರೆ ಯಾರಾದರೂ ಬಿಡಿಸಬಹುದಲ್ಲವೇ?

ಉತ್ತರ: ಆ ಸ್ಪ್ಯಾನಿಷ್ ಹೆಸರಿನ ಅರ್ಥ ‘ಬಿಳಿ ಮತ್ತು ಹಸಿರು’. ಕಲಾವಿದೆ ಕಾರ್ಮೆನ್ ಹೆರೇರಾ 1959ರಿಂದ 1971ರವರೆಗೆ ರಚಿಸಿದ ಸರಣಿಯ ಹೆಸರಿದು. ಇನ್ನೊಮ್ಮೆ ಸಿಕ್ಕಾಗ ಸಾವಕಾಶವಾಗಿ ನೋಡಿ. ಕಣ್ಣು ಮೊದಲು ಹಸಿರಿಗೆ ಅಂಟಿಕೊಳ್ಳುತ್ತದೆ. ತುಸು ಹೊತ್ತಿಗೆ ಬಿಳಿಯೇ ಮುಂದೆ ಬಂದು, ಹಸಿರು ಅದರಲ್ಲಿ ಸೀಳಿದ ಕಿಂಡಿಯಂತೆ ತೋರುತ್ತದೆ. ಹೆರೇರಾ ಕ್ಯಾನ್ವಾಸಿನ ಪಕ್ಕದ ಅಂಚುಗಳಿಗೂ ಬಣ್ಣ ಹಚ್ಚುತ್ತಿದ್ದರು. ಆಗ ಚಿತ್ರವೇ ಗೋಡೆಗೆ ತಗುಲಿದ ಒಂದು ವಸ್ತುವಾಗುತ್ತದೆ. ಹವಾನಾದಲ್ಲಿ ವಾಸ್ತುಶಿಲ್ಪ ಓದಿದ್ದವರ ಕಣ್ಣು ಅದು. ಆ ತ್ರಿಕೋನದ ಚೂಪು ಕೋನ ಒಂದಿಷ್ಟು ಅಗಲವಾಗಿದ್ದರೂ ಈ ಬಿಗಿ ಉಳಿಯುತ್ತಿರಲಿಲ್ಲ. ಕಷ್ಟವಿರುವುದು ಆ ಅಳತೆ ಕಂಡುಕೊಳ್ಳುವುದರಲ್ಲಿ, ಗೆರೆ ಎಳೆಯುವ ಕೈಚಳಕದಲ್ಲಲ್ಲ.

1915ರಲ್ಲಿ ಕ್ಯೂಬಾದಲ್ಲಿ ಹುಟ್ಟಿದ ಹೆರೇರಾ, ಮದುವೆಯಾಗಿ ನ್ಯೂಯಾರ್ಕಿಗೆ ಬಂದರು. ನಡುವೆ ಕೆಲವು ವರ್ಷ ಪ್ಯಾರಿಸ್. ಇದೇ ಬಗೆಯ ಚಿತ್ರ ಬರೆದ ಗಂಡಸರು ಹೆಸರು ಮಾಡುತ್ತಿದ್ದಾಗ, ಹೆಣ್ಣೆಂಬ ಕಾರಣಕ್ಕೆ ಇವರಿಗೆ ಪ್ರದರ್ಶನ ನಿರಾಕರಿಸಿದ್ದೂ ಉಂಟು. ನನಗೆ ಇಂದಿಗೂ ಸಂಕಟ ತರುವ ಸಂಗತಿ ಇದು. ಅವರ ಮೊದಲ ಚಿತ್ರ ಮಾರಾಟವಾದದ್ದು 2004ರಲ್ಲಿ, 89ನೇ ವಯಸ್ಸಿಗೆ! 2016ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅವರ ದೊಡ್ಡ ಪ್ರದರ್ಶನ ಏರ್ಪಡಿಸಿತು. 2022ರಲ್ಲಿ ತೀರಿಕೊಂಡಾಗ ಅವರಿಗೆ 106 ವರ್ಷ. ಹೆಸರಿಲ್ಲದ ಆ ವರ್ಷಗಳಲ್ಲಿ ಜೊತೆಗಿದ್ದು ಹೆರೇರಾರ ಕಲೆಯನ್ನು ನಂಬಿದ ಪತಿ ಜೆಸ್ಸೆ ಲೋವೆಂಥಾಲ್ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಆ ಮೊದಲ ಮಾರಾಟಕ್ಕೆ ನಾಲ್ಕು ವರ್ಷ ಮುಂಚೆಯೇ ಅವರು ತೀರಿಕೊಂಡಿದ್ದರು.