ಹನ್ನೆರಡರ ಹುಡುಗ ಗೆದ್ದ ಫ್ಲಮೆಂಕೊ ಸ್ಪರ್ಧೆ

1922ರ ಜೂನ್. ಸ್ಪೇನಿನ ಗ್ರನಾಡಾದಲ್ಲಿ, ಅಲ್ಹಂಬ್ರಾ ಕೋಟೆಯೊಳಗೆ ಫ್ಲಮೆಂಕೊ ಹಾಡಿನ ಸ್ಪರ್ಧೆ. ಮುಂದೆ ನಿಂತು ನಡೆಸಿದವರಲ್ಲಿ ಸಂಗೀತ ಸಂಯೋಜಕ ಮನುವೆಲ್ ದೆ ಫಾಯಾ, ಕವಿ ಲೋರ್ಕಾ ಇದ್ದರು. ಅವರ ಷರತ್ತು ಕೇಳಿ: 21 ದಾಟಿದ ವೃತ್ತಿಪರ ಗಾಯಕರಿಗೆ ಪ್ರವೇಶವೇ ಇಲ್ಲ! ದುಡ್ಡಿನ ಸಹವಾಸದಿಂದ ಹಾಡು ಕೆಟ್ಟಿತು ಅನ್ನೋದು ಅವರ ಕೊರಗು.

ಬಹುಮಾನ ಗೆದ್ದವರಲ್ಲಿ ಒಬ್ಬ ಹನ್ನೆರಡು ವರ್ಷದ ಹುಡುಗ, ಮನೋಲೊ ಕರಕೋಲ್. ಮುಂದೆ ಈತ ಏನಾದ ಗೊತ್ತಾ? 1940ರ ದಶಕದಲ್ಲಿ ನರ್ತಕಿ ಲೋಲಾ ಫ್ಲೋರೆಸ್ ಜೊತೆ ರಂಗ ಏರಿದ. ಆರ್ಕೆಸ್ಟ್ರಾ ಇಟ್ಟುಕೊಂಡು ಹಾಡಿದ, ಸಿನಿಮಾದಲ್ಲೂ ನಟಿಸಿದ. 1963ರಲ್ಲಿ ಮ್ಯಾಡ್ರಿಡ್‌ನಲ್ಲಿ ತನ್ನದೇ ಫ್ಲಮೆಂಕೊ ಕ್ಲಬ್ ತೆರೆದ. ಹಾಗಂತ ಅವನ ಹಾಡು ಕೆಟ್ಟಿತಾ? ಖಂಡಿತ ಇಲ್ಲ. ಇವತ್ತಿಗೂ ದೊಡ್ಡ ಗಾಯಕರ ಸಾಲಿನಲ್ಲೇ ಅವನ ಹೆಸರು.

ನಿಜ ಹೇಳಬೇಕಂದ್ರೆ, ಫ್ಲಮೆಂಕೊ ಬೆಳೆದದ್ದೇ 19ನೇ ಶತಮಾನದಲ್ಲಿ ಸೆವಿಲ್ಲೆಯಂಥ ಊರುಗಳಲ್ಲಿ, ಗಿರಾಕಿಗಳು ದುಡ್ಡು ಕೊಟ್ಟು ಕೇಳುತ್ತಿದ್ದ ಕೆಫೆಗಳಲ್ಲಿ.

1979ರಲ್ಲಿ ಫ್ಲಮೆಂಕೊ ಗಾಯಕ ಕಮರೋನ್ ಎಲೆಕ್ಟ್ರಿಕ್ ವಾದ್ಯಗಳನ್ನು ಸೇರಿಸಿ ಆಲ್ಬಮ್ ತಂದಾಗ ಸಂಪ್ರದಾಯಸ್ಥರು ಸಿಡಿದೆದ್ದರು, ಆಲ್ಬಮ್ ಸರಿಯಾಗಿ ಮಾರಾಟವೂ ಆಗಲಿಲ್ಲ. ಈಗ ಅದೇ ಮೈಲಿಗಲ್ಲು.

ಇನ್ನು ಫ್ಲಮೆಂಕೊದ ಮಾರ್ತಿನೇತೆ ಅನ್ನೋ ಪ್ರಕಾರ ಕೇಳಿ. ಕುಲುಮೆಗೆ ನಂಟಿರುವ ಹಾಡು. ಗಿಟಾರ್ ಇಲ್ಲ, ಒಂಟಿ ಕಂಠ. ಕೆಲವೊಮ್ಮೆ ಕಬ್ಬಿಣಕ್ಕೆ ಬೀಳುವ ಸುತ್ತಿಗೆಯ ಪೆಟ್ಟೇ ತಾಳ. ಪ್ರವಾಸಿಗರಿಗೆಂದು ಅವಸರದಲ್ಲಿ ಮುಗಿಸುವ ಶೋಗಳಲ್ಲಿ ಇಷ್ಟು ನಿಧಾನದ ಹಾಡಿಗೆ ಜಾಗ ಸಿಗೋದು ಕಷ್ಟ. ನನ್ನ ಆತಂಕ ಅದರದ್ದು, ಎಲೆಕ್ಟ್ರಿಕ್ ಗಿಟಾರಿನದ್ದಲ್ಲ.